ಕಪ್ಪಾದ ಬೆಳ್ಳಿ ಫ್ಲೂಟು, ಕೇಸಿನಲ್ಲಿದ್ದ ರಬ್ಬರ್ ಬ್ಯಾಂಡು

ಅಣ್ಣನ ಮಗಳಿಗೆ ಒಂದು ಬೆಳ್ಳಿ ಫ್ಲೂಟ್ ಸಿಕ್ಕಿತು. ಅದರ ಮೊದಲ ಒಡೆಯರು ನುಡಿಸುವುದನ್ನು ಬಿಟ್ಟು ವರ್ಷಗಳಾಗಿದ್ದವು. ಅಷ್ಟೂ ಕಾಲ ಅದು ಕೇಸಿನೊಳಗೇ ಮಲಗಿತ್ತು. ತೆರೆದು ನೋಡಿದರೆ ಕೊಳವೆಯ ಮೇಲೆ ಒಂದು ಕಡೆ ತಿಳಿ ಹಳದಿ, ಇನ್ನೊಂದು ಕಡೆ ಕಂದು, ಬೆರಳಿನಿಂದ ಒತ್ತುವ ಕೀಗಳ ಅಡಿಯಲ್ಲಿ ನೀಲಿ ನೇರಳೆ ಬೆರೆತ ಕಪ್ಪು. ಅವಳ ಕಾರ್ಯಕ್ರಮ ಹತ್ತಿರ ಬಂದಿತ್ತು. ಬೆಳ್ಳಿ ಸಾಮಾನು ತೊಳೆಯುವ ದ್ರಾವಣದ ಬಾಟಲಿ ಹಿಡಿದುಕೊಂಡೇ ಬಂದಳು.

"ಅತ್ತೆ, ಇದರಲ್ಲಿ ಒಂದು ಸಲ ಮುಳುಗಿಸಿ ತೆಗೆದ್ರೆ ಆಯ್ತು ಅಲ್ವಾ?"

ಬಾಟಲಿ ಪಕ್ಕಕ್ಕಿಡು ಅಂದೆ. ಆವತ್ತಿನ ಬೆಳಗ್ಗೆಯೆಲ್ಲ ನಾವಿಬ್ಬರೂ ಆ ಫ್ಲೂಟಿನ ಜೊತೆಗೇ ಕೂತೆವು.

ಮೊದಲು ಅವಳ ಭಯ ಕಳೆಯಬೇಕಿತ್ತು. ಇದು ತುಕ್ಕು ಅಂದುಕೊಂಡಿದ್ದಳು. ತುಕ್ಕು ಕಬ್ಬಿಣವನ್ನು ತಿನ್ನುತ್ತಾ ಹೋಗುತ್ತದೆ. ಬೆಳ್ಳಿಯ ಕಪ್ಪು ಹಾಗಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ, ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್, ಬೆಳ್ಳಿಯ ಮೇಲ್ಮೈಗೆ ತಗಲಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ತೇವ ಇದ್ದರೆ ಇನ್ನೂ ಬೇಗ. ಪದರ ತೀರಾ ತೆಳುವಾಗಿದ್ದಾಗ ಹಳದಿ ಕಾಣುತ್ತದೆ. ದಪ್ಪವಾಗುತ್ತಾ ಹೋದಂತೆ ಕಂದು, ನೀಲಿ, ಕೊನೆಗೆ ಕಪ್ಪು. ಆ ಬಣ್ಣಗಳನ್ನು ನೋಡಿಯೇ ಎಲ್ಲಿ ಎಷ್ಟು ಮಾಸಿದೆ ಎಂದು ಹೇಳಬಹುದು.

"ಹಾಗಾದ್ರೆ ಸ್ವರ ಕೆಡಲ್ವಾ?" ಅಂತ ಕೇಳಿದಳು. ಇಲ್ಲ. ಫ್ಲೂಟಿನಲ್ಲಿ ಸ್ವರ ಹುಟ್ಟುವುದು ಒಳಗಿನ ಗಾಳಿ ಕಂಪಿಸುವುದರಿಂದ. ಊದುವ ರಂಧ್ರದ ಅಂಚು ಸರಿ ಇರಬೇಕು, ಕೀಗಳಿಗೆ ಕೂರಿಸಿದ ಮೆತ್ತನೆಯ ಪ್ಯಾಡುಗಳು ರಂಧ್ರಗಳನ್ನು ಗಾಳಿ ಸೋರದ ಹಾಗೆ ಮುಚ್ಚಬೇಕು. ಹೊರಗಿನ ಈ ತೆಳ್ಳನೆಯ ಕಪ್ಪು ಸ್ವರವನ್ನು ಏನೂ ಮಾಡುವುದಿಲ್ಲ. ಕಪ್ಪನ್ನು ಓಡಿಸಲು ನಾವು ಮಾಡುವ ಗಡಿಬಿಡಿಯೇ ಆ ಅಂಚನ್ನೂ ಪ್ಯಾಡನ್ನೂ ಹಾಳು ಮಾಡುವುದು. ಈ ಮಾತನ್ನು ಅವಳಿಗೆ ಎರಡೆರಡು ಸಲ ಹೇಳಿದೆ.

ಬಾಟಲಿ ಬೇಡ ಅಂದದ್ದಕ್ಕೂ ಅದೇ ಕಾರಣ. ಜರ್ಮನಿಯ ಥಿಯೋಬಾಲ್ಡ್ ಬೋಮ್ 1847ರಲ್ಲಿ ರೂಪಿಸಿದ ಫ್ಲೂಟಿನಲ್ಲಿ ರಂಧ್ರಗಳು ದೊಡ್ಡವು. ಬೆರಳಿನಿಂದ ಮುಚ್ಚಲು ಆಗುವುದಿಲ್ಲ, ಪ್ಯಾಡ್ ಇರುವ ಕೀಗಳೇ ಮುಚ್ಚಬೇಕು. ಇಂದಿನ ಫ್ಲೂಟುಗಳೂ ಅದೇ ದಾರಿಯವು. ಸಾಮಾನ್ಯವಾಗಿ ಪ್ಯಾಡ್ ಅಂದರೆ ಉಣ್ಣೆಯ ಫೆಲ್ಟ್, ಅದರ ಮೇಲೆ ತೆಳು ಪೊರೆ. ಒದ್ದೆಯಾದರೆ ಉಬ್ಬುತ್ತದೆ, ಆಮೇಲೆ ಸರಿಯಾಗಿ ಕೂರುವುದಿಲ್ಲ. ಕೀಗಳ ಕೆಳಗೆ ಸೂಜಿಯಂಥ ಸ್ಪ್ರಿಂಗುಗಳಿವೆ. ಉಕ್ಕಿನ ಸ್ಪ್ರಿಂಗಿಗೆ ನೀರು ತಗಲಿದರೆ ನಿಜವಾದ ತುಕ್ಕೇ ಹಿಡಿಯುತ್ತದೆ. ಮೂರು ಭಾಗಗಳಲ್ಲಿ ನಡುವಿನದಕ್ಕೂ ಕೊನೆಯದಕ್ಕೂ ಪ್ಯಾಡ್ ಇದೆ. ಊದುವ ಭಾಗವಾದ ಹೆಡ್‌ಜಾಯಿಂಟ್ ಖಾಲಿ ಕೊಳವೆಯಂತೆ ಕಂಡರೂ ಅದರ ಮೇಲ್ತುದಿಯೊಳಗೆ ಕಾರ್ಕ್ ಕೂತಿದೆ. ಹಾಗಾಗಿ ಮೂರರಲ್ಲಿ ಒಂದನ್ನೂ ಮುಳುಗಿಸುವಂತಿಲ್ಲ.

ಅಲ್ಯೂಮಿನಿಯಂ ಹಾಳೆ, ಬಿಸಿ ನೀರು, ಅಡುಗೆ ಸೋಡಾ ಸೇರಿಸುವ ಉಪಾಯ ಅವಳಿಗೂ ಗೊತ್ತಿತ್ತು. ಅದು ಒಳ್ಳೆಯ ಉಪಾಯವೇ. ಬೆಳ್ಳಿಗೆ ಅಂಟಿದ ಗಂಧಕವನ್ನು ಅಲ್ಯೂಮಿನಿಯಂ ಬಿಡಿಸುತ್ತದೆ, ಬೆಳ್ಳಿ ಮತ್ತೆ ಬೆಳ್ಳಿಯಾಗಿ ಉಳಿಯುತ್ತದೆ. ಚಮಚಕ್ಕೆ ಮಾಡಲಿ, ಬೇಡ ಅನ್ನುವುದಿಲ್ಲ. ಫ್ಲೂಟಿಗೆ ಬೇಡ.

ಆಮೇಲೆ ಕೊಳವೆಯನ್ನು ಬೆಳಕಿಗೆ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿದೆವು. ಹೆಡ್‌ಜಾಯಿಂಟ್ ಮೇಲೆ, ನಡುವಿನ ಕೊಳವೆಯ ಮೇಲೆ 925 ಎಂಬ ಮುದ್ರೆ ಇತ್ತು. ನೂರರಲ್ಲಿ 92.5 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಕೀಗಳು ಮಾತ್ರ ನಿಕಲ್ ಸಿಲ್ವರ್ ಮೇಲೆ ಬೆಳ್ಳಿ ಲೇಪಿಸಿದವು. ನಿಕಲ್ ಸಿಲ್ವರಿನಲ್ಲಿ ಇರುವುದು ತಾಮ್ರ, ನಿಕಲ್, ಸತು. ಬೆಳ್ಳಿ ಇಲ್ಲವೇ ಇಲ್ಲ. ಅವಳಿಗೆ ಕೊಂಚ ಬೇಜಾರಾಯಿತು. ಬೇಜಾರು ಯಾಕೆ? ಫ್ರಾನ್ಸಿನ ಮಾರ್ಸೆಲ್ ಮೊಯ್ಸ್ ಅಂಥ ದೊಡ್ಡ ವಾದಕರೇ ನಿಕಲ್ ಸಿಲ್ವರ್ ಫ್ಲೂಟ್ ನುಡಿಸಿದವರು. ಆದರೆ ಲೇಪನ ತೆಳು, ಜಾಸ್ತಿ ಉಜ್ಜಿದರೆ ಸವೆದು ಒಳಗಿನ ಲೋಹ ಹೊರಗೆ ಬರುತ್ತದೆ. ಅದಕ್ಕೇ ಕೀಗಳಿಗೆ ಪಾಲಿಶ್ ಬಟ್ಟೆ ಮುಟ್ಟಿಸುವುದು ಬೇಡ ಎಂದು ಮೊದಲೇ ತೀರ್ಮಾನಿಸಿದೆವು.

ಹೀಗೆ ನೋಡುವಾಗ ಒಂದು ವಿಚಿತ್ರ ಕಂಡಿತು. ಕೊನೆಯ ಭಾಗದ ಒಂದೇ ಪಕ್ಕದಲ್ಲಿ ಕಡುಕಪ್ಪು ಮಚ್ಚೆ. ಉಳಿದೆಡೆ ಅಷ್ಟಿಲ್ಲ. ಕೇಸಿನಲ್ಲಿ ಆ ಜಾಗವನ್ನೇ ಹುಡುಕಿದಾಗ ಮಡಚಿಟ್ಟ ಒರೆಸುವ ಬಟ್ಟೆ ಸಿಕ್ಕಿತು, ಅದಕ್ಕೆ ಸುತ್ತಿದ್ದ ಒಂದು ರಬ್ಬರ್ ಬ್ಯಾಂಡೂ. ರಬ್ಬರನ್ನು ಗಟ್ಟಿ ಮಾಡಲು ಗಂಧಕ ಬೆರೆಸುತ್ತಾರೆ. ಮುಚ್ಚಿದ ಕೇಸಿನಲ್ಲಿ ವರ್ಷಗಟ್ಟಲೆ ಪಕ್ಕದಲ್ಲೇ ಇದ್ದರೆ ಬೆಳ್ಳಿ ಕಪ್ಪಾಗದೆ ಇರುತ್ತದೆಯೇ? ಅವಳ ಕಣ್ಣು ಅರಳಿತು. ಇಷ್ಟು ಹೊತ್ತು ನಾನು ಹೇಳಿದ್ದೆಲ್ಲ ಒಂದು ತೂಕ, ಆ ರಬ್ಬರ್ ಬ್ಯಾಂಡೇ ಒಂದು ತೂಕ. ಅದನ್ನು ತಕ್ಷಣ ಹೊರಗೆ ಹಾಕಿದಳು. ಕೇಸಿನ ಜೇಬು ಜಾಲಾಡಿ ಇನ್ನೇನಾದರೂ ಇದೆಯೇ ಎಂದು ತಾನೇ ನೋಡಿದಳು.

ಒರೆಸುವ ಕೆಲಸಕ್ಕೆ ಕೈ ತೊಳೆದು ಕೂತೆವು. ಒಣಗಿದ ಮೆತ್ತನೆಯ ಬಟ್ಟೆಯಿಂದ ಮೊದಲು ಧೂಳು, ಬೆರಳಿನ ಜಿಡ್ಡು. ಕೀಗಳ ಸಾಲಿನ ನಡುವೆ ಬಟ್ಟೆ ತೂರಿಸಲಿಲ್ಲ, ಸ್ಪ್ರಿಂಗಿಗೆ ಸಿಕ್ಕಿಕೊಂಡರೆ ಕಷ್ಟ. ಅಲ್ಲಿ ಚಿತ್ರ ಬರೆಯುವ ಮೆತ್ತನೆಯ ಬ್ರಷ್ ಸಾಕಾಯಿತು. ಬೆಳ್ಳಿಗೆಂದೇ ಸಿಗುವ ಪಾಲಿಶ್ ಬಟ್ಟೆಯನ್ನು ಹೆಡ್‌ಜಾಯಿಂಟಿನ ಬಯಲು ಭಾಗಕ್ಕೆ ಮಾತ್ರ ಬಳಸಿದೆವು, ಅದೂ ಹಗುರ ಕೈಯಲ್ಲಿ. ಪಾಲಿಶ್ ಬಟ್ಟೆ ಕಪ್ಪಿನ ಜೊತೆ ಒಂಚೂರು ಬೆಳ್ಳಿಯನ್ನೂ ತೆಗೆಯುತ್ತದೆ ಅನ್ನುವುದನ್ನು ಮರೆಯಬಾರದು. ಊದುವ ರಂಧ್ರದ ಸುತ್ತ ಅದನ್ನು ತರಲೇ ಇಲ್ಲ. ಆ ಅಂಚು ಸ್ವಲ್ಪ ದುಂಡಗಾದರೂ ಸ್ವರದ ಸ್ವಭಾವ ಬದಲಾಗುತ್ತದೆ. ತುಟಿ ತಾಗುವ ಲಿಪ್ ಪ್ಲೇಟನ್ನು ಚೂರೇ ತೇವ ಮಾಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣ ಬಟ್ಟೆ ಹಿಡಿದೆವು.

ಹೆಡ್‌ಜಾಯಿಂಟ್ ಬೆಳಗಿತು. ಹಳದಿ ಪೂರ್ತಿ ಹೋಯಿತು, ಕಂದು ಅರ್ಧ ಹೋಯಿತು. ಕೀಗಳ ಅಡಿಯ ನೇರಳೆ ಹಾಗೆಯೇ ಉಳಿಯಿತು. ನನಗೆ ಆ ಬಣ್ಣ ನಿಜವಾಗಿಯೂ ಇಷ್ಟ. ಅವಳಿಗೆ ಇಷ್ಟವಿಲ್ಲ. ವೇದಿಕೆಯ ದೀಪಕ್ಕೆ ಅದೇ ಎದ್ದು ಕಾಣುತ್ತೆ ಅತ್ತೆ ಅಂದಳು. ಈ ವಿಷಯದಲ್ಲಿ ಒಮ್ಮತ ಆಗಲಿಲ್ಲ. ಆಗಬೇಕೆಂದೂ ಇಲ್ಲ, ಫ್ಲೂಟ್ ಅವಳದು.

ಕೇಸಿಗೆ ಈಗ ಕಪ್ಪಾಗುವುದನ್ನು ತಡೆಯುವ ಕಾಗದದ ಪಟ್ಟಿ ಬಂದಿದೆ. ಅದು ಗಾಳಿಯ ಗಂಧಕವನ್ನು ತಾನು ಹೀರಿಕೊಳ್ಳುತ್ತದೆ. ಕೆಲವು ತಿಂಗಳಿಗೊಮ್ಮೆ ಬದಲಾಯಿಸಬೇಕು. ನುಡಿಸಿದ ಮೇಲೆ ಕೊಳವೆಯೊಳಗಿನ ತೇವ ತೆಗೆದ ಬಟ್ಟೆಯನ್ನು ಫ್ಲೂಟಿನೊಳಗಾಗಲಿ, ಮುಚ್ಚಿದ ಕೇಸಿನಲ್ಲಾಗಲಿ ಬಿಡುವುದಿಲ್ಲ, ಹೊರಗೆ ಒಣ ಹಾಕುತ್ತಾಳೆ. ಕೀಗಳ ಅಡಿಯ ನೇರಳೆಯ ವಿಚಾರಕ್ಕೆ ರಿಪೇರಿಯವರ ಹತ್ತಿರ ಮಾತಾಡಿದ್ದೇವೆ. ಪ್ಯಾಡ್ ಬದಲಾಯಿಸುವ ಕಾಲ ಬಂದಾಗ ಹೇಗೂ ಕೀಗಳನ್ನೆಲ್ಲ ಬಿಚ್ಚಬೇಕು, ಆಗಲೇ ಅದನ್ನೂ ತೆಗೆದುಕೊಡುತ್ತೇನೆ ಎಂದಿದ್ದಾರೆ.