ಈ ರಿಪೋರ್ಟ್ ಯಾರಿಗೆ ಬೇಕು?

ತಮ್ಮ ಯೋಜನೆಗಳ ಮೌಲ್ಯಮಾಪನಕ್ಕೆ ಅಂತ ನನ್ನನ್ನು ಕರೆಯುವ ಸ್ವಯಂಸೇವಾ ಸಂಸ್ಥೆಗಳಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ರಿಪೋರ್ಟ್ ಕೈಗೆ ಬಂದ ಮೇಲೆ ನೀವು ಏನು ತೀರ್ಮಾನ ಮಾಡಬೇಕಾಗಿದೆ? ಯೋಜನೆ ಮುಂದುವರಿಸುವುದಾ, ನಿಲ್ಲಿಸುವುದಾ, ಇನ್ನಷ್ಟು ಕಡೆ ಹಬ್ಬಿಸುವುದಾ, ಅಥವಾ ಒಂದು ಭಾಗ ಮಾತ್ರ ಕೈಬಿಡುವುದಾ? ಬಹಳ ಸಲ ಬರುವ ಉತ್ತರ, "ಹಾಗೇನಿಲ್ಲ, ಫಂಡರ್ ಕೇಳಿದ್ದಾರೆ, ಮುಂದಿನ ತಿಂಗಳೊಳಗೆ ಕೊಡಬೇಕು." ದುಡ್ಡು ಕೊಡುವ ಆ ಫಂಡರ್ ಹತ್ತಿರ ಹೋದರೆ ಅಲ್ಲೂ ಅದೇ ಕಥೆ. "ಬೋರ್ಡ್‌ನವರು ನೋಡಬೇಕಂತೆ." ಬೋರ್ಡ್‌ನವರು ನೋಡುವುದು ಮೊದಲ ಎರಡು ಪುಟ, ಆಮೇಲೆ ಫೋಟೋಗಳು.

ಯಾರಿಗೂ ಬೇಡದ ರಿಪೋರ್ಟ್‌ಗೆ ದುಡ್ಡು ಕೊಟ್ಟು, ಫೀಲ್ಡ್ ಸಿಬ್ಬಂದಿಯ ವಾರಗಟ್ಟಲೆ ಸಮಯ ತಿಂದು, ಕೆಲಸ ಬಿಟ್ಟು ಬಂದು ಕೂತ ಜನರಿಗೆ ಪುಟಗಟ್ಟಲೆ ಪ್ರಶ್ನೆ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಈ ಕೆಲಸದಿಂದಲೇ ನನ್ನ ಹೊಟ್ಟೆ ತುಂಬುವುದಾದರೂ ಹೇಳುತ್ತಿದ್ದೇನೆ.

ಟಿಒಆರ್ ಅಂತ ಒಂದು ಕಾಗದ ಬರುತ್ತದಲ್ಲ, ಕನ್ಸಲ್ಟೆಂಟ್ ಏನೇನು ಮಾಡಬೇಕು ಅಂತ ಬರೆದಿರುವುದು, ಅದನ್ನು ಓದಿದರೇ ಅರ್ಧ ಗೊತ್ತಾಗುತ್ತದೆ. ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯ ನೆರವು ಸಮಿತಿ 1991ರಲ್ಲಿ ಐದು ಮಾನದಂಡ ಹಾಕಿಕೊಟ್ಟಿತು. ಯೋಜನೆ ಆ ಜನರಿಗೆ ಬೇಕಾದದ್ದೇನಾ, ಗುರಿ ಮುಟ್ಟಿತಾ, ಖರ್ಚಿಗೆ ತಕ್ಕ ಕೆಲಸ ಆಯಿತಾ, ಪರಿಣಾಮ ಏನು, ದುಡ್ಡು ನಿಂತ ಮೇಲೂ ಉಳಿಯುತ್ತದಾ. 2019ರಲ್ಲಿ ಆರನೆಯದೂ ಸೇರಿತು, ಬೇರೆಯವರ ಕೆಲಸದ ಜೊತೆ ಇದು ಹೊಂದುತ್ತದಾ ಅನ್ನುವುದು. ಒಳ್ಳೆಯ ಪಟ್ಟಿಯೇ, ಎಲ್ಲವನ್ನೂ ಕಣ್ಣುಮುಚ್ಚಿ ಬಳಸಬೇಡಿ ಅಂತ ಅವರೇ ಹೇಳಿದ್ದಾರೆ. ಆದರೆ ನಾಲ್ಕೇ ಜನ ಇರುವ ಸಂಸ್ಥೆಯ ಒಂದು ವರ್ಷದ ತರಬೇತಿ ಯೋಜನೆಗೂ ಆರಕ್ಕೆ ಆರನ್ನೂ ಕಾಪಿ-ಪೇಸ್ಟ್ ಮಾಡಿ ಕಳಿಸಿರುತ್ತಾರೆ. ತರಬೇತಿ ಮುಗಿದು ಇನ್ನೂ ಸರ್ಟಿಫಿಕೇಟ್ ಹಂಚಿರುವುದಿಲ್ಲ, ಆಗಲೇ ಸಮಾಜದ ಮೇಲಾದ ಪರಿಣಾಮ ತೋರಿಸಿ ಅಂದರೆ ಎಲ್ಲಿಂದ ತರುವುದು? ಇಂಥ ಕಡೆ ಒಂದೋ ಎರಡೋ ಪ್ರಶ್ನೆ ಇಟ್ಟುಕೊಂಡು ಉಳಿದದ್ದನ್ನು ಬಿಡಿ ಅಂತ ಹೇಳುವುದೇ ಕನ್ಸಲ್ಟೆಂಟ್ ಮಾಡುವ ದೊಡ್ಡ ಉಪಕಾರ. ಹಾಗೆ ಹೇಳದೆ ಎಲ್ಲದಕ್ಕೂ "ಆಗುತ್ತೆ" ಅನ್ನುವವರ ಬಗ್ಗೆ ಸ್ವಲ್ಪ ಹುಷಾರಾಗಿರಿ.

ಇನ್ನು ಫೀಡ್‌ಬ್ಯಾಕ್ ಫಾರಂ. "ಈ ಕಾರ್ಯಕ್ರಮ ನಿಮಗೆ ಉಪಯೋಗವಾಯಿತೇ?" ಹೌದು, ಹೌದು, ಹೌದು. ಕಟ್ಟು ಬಿಚ್ಚಿ ನೋಡಿದರೆ ಸಾಲಾಗಿ ಒಂದೇ ಪೆನ್ನಿನ ಟಿಕ್, ಎಲ್ಲವೂ ಬಲಗಡೆಯ ಕೊನೆಯ ಕಾಲಂನಲ್ಲಿ, ಸಲಹೆಗಳಿಗೆ ಬಿಟ್ಟ ಜಾಗ ಖಾಲಿ. ಫಾರಂ ತುಂಬಿಸುತ್ತಾ ಎದುರಿಗೆ ನಿಂತವರು ತರಬೇತಿ ಕೊಟ್ಟವರೇ ಆದರೆ ಇನ್ನೇನು ಬರೆಯುತ್ತಾರೆ ಪಾಪ? ನಾಳೆ ಇನ್ನೊಂದು ಯೋಜನೆಯ ಪಟ್ಟಿಯಲ್ಲಿ ತಮ್ಮ ಹೆಸರು ಇರಬೇಕಲ್ವಾ. ಇದೇ ಕಟ್ಟು ಆಮೇಲೆ ರಿಪೋರ್ಟ್‌ನಲ್ಲಿ ಬಣ್ಣಬಣ್ಣದ ಚಾರ್ಟ್ ಆಗುತ್ತದೆ.

ಜನ ಮೆಚ್ಚಿದರು ಅಂದ ಮಾತ್ರಕ್ಕೆ ಕೆಲಸ ಆಯಿತು ಅಂತಲ್ಲ. ಇದಕ್ಕೆ ನಾನು ಸದಾ ಹೇಳುವ ಉದಾಹರಣೆ ಅಮೆರಿಕದ್ದು. 1970ರ ದಶಕದಲ್ಲಿ ನ್ಯೂಜೆರ್ಸಿಯ ರಾವೇ ಜೈಲಿನಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು. ದಾರಿ ತಪ್ಪುತ್ತಿರುವ ಹುಡುಗರನ್ನು ಜೈಲಿನ ಒಳಗೆ ಕರೆದುಕೊಂಡು ಹೋಗಿ, ಜೀವಾವಧಿ ಶಿಕ್ಷೆಯ ಕೈದಿಗಳಿಂದ ಒಳಗಿನ ಬದುಕು ಹೇಗಿರುತ್ತದೆ ಅಂತ ಮುಖಕ್ಕೆ ಹೊಡೆದಂತೆ ಹೇಳಿಸುವುದು. ಹೆದರಿ ಸರಿಹೋಗುತ್ತಾರೆ ಅನ್ನುವುದು ಲೆಕ್ಕ. ಖರ್ಚು ಕಡಿಮೆ, ನೋಡಿದವರ ಮೈ ಜುಂ ಅನ್ನುತ್ತಿತ್ತು, ಅದರ ಮೇಲಿನ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಕೂಡ ಬಂತು, ಬೇರೆ ರಾಜ್ಯಗಳೂ ನಕಲು ಮಾಡಿದವು. ಆಮೇಲೆ ಸಂಶೋಧಕರು ಚೀಟಿ ಎತ್ತಿದ ಹಾಗೆ ಹುಡುಗರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಮಾತ್ರ ಜೈಲಿಗೆ ಕಳಿಸಿ ಹೋಲಿಸಿದರು. ಅಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಕಂಡದ್ದು ಉಲ್ಟಾ. ಜೈಲು ನೋಡಿ ಬಂದವರೇ ಮುಂದೆ ಜಾಸ್ತಿ ಅಪರಾಧ ಮಾಡಿದ್ದರು. ಸುಮ್ನೆ ಬಿಟ್ಟಿದ್ದರೆ ವಾಸಿ ಇತ್ತು.

ಫೀಡ್‌ಬ್ಯಾಕ್ ಫಾರಂ ಈ ಸತ್ಯ ಹೇಳುತ್ತಿತ್ತಾ? ಸಾಧ್ಯವೇ ಇಲ್ಲ. ಹೋಲಿಸಲು ಇನ್ನೊಂದು ಗುಂಪು ಇದ್ದದ್ದರಿಂದ ಗೊತ್ತಾಯಿತು. ಈ ಯೋಜನೆ ಇಲ್ಲದಿದ್ದರೂ ಇದೇ ಆಗುತ್ತಿತ್ತಾ ಅನ್ನುವುದು ನಮ್ಮ ಕೆಲಸದ ಬಹಳ ಕಷ್ಟದ ಪ್ರಶ್ನೆ.

ಹಾಗಂತ ಎಲ್ಲರೂ ಇಂಥ ಪ್ರಯೋಗಕ್ಕೆ ಕೈ ಹಾಕಬೇಕು ಅಂತ ನಾನು ಹೇಳುತ್ತಿಲ್ಲ. 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೀಮರ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದ ಮೇಲೆ ಆರ್‌ಸಿಟಿ, ಅಂದರೆ ಹೀಗೆ ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಹೋಲಿಸುವ ಪ್ರಯೋಗ, ದಾನಿಗಳ ಬಾಯಲ್ಲೂ ಓಡಾಡುತ್ತಿದೆ. ಕ್ರೀಮರ್ ಮತ್ತವರ ಜೊತೆಗಾರರು ಕೀನ್ಯಾದ ಗ್ರಾಮೀಣ ಶಾಲೆಗಳಲ್ಲಿ ಪಠ್ಯಪುಸ್ತಕ ಕೊಟ್ಟು ನೋಡಿದರು. ಸರಾಸರಿ ಅಂಕ ಏರಲಿಲ್ಲ. ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳಿಗೆ ಮಾತ್ರ ಲಾಭವಾಗಿತ್ತು, ಯಾಕೆಂದರೆ ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ, ಬಹಳ ಮಕ್ಕಳಿಗೆ ಅದು ಮೂರನೆಯ ಭಾಷೆ. ಎಂಥ ಉಪಯೋಗದ ಮಾಹಿತಿ ನೋಡಿ. ಆದರೆ ಇಂಥದ್ದಕ್ಕೆ ಸಾಕಷ್ಟು ಶಾಲೆ ಬೇಕು, ವರ್ಷಗಳು ಬೇಕು, ದುಡ್ಡಂತೂ ಬೇಕೇ ಬೇಕು. ಮೂವತ್ತು ಜನರ ಗುಂಪಿನ ಜೊತೆ ಕೆಲಸ ಮಾಡುವ ಸಂಸ್ಥೆಗೆ ಆರ್‌ಸಿಟಿ ಮಾರಲು ಬರುವವರನ್ನು ನಯವಾಗಿ ವಾಪಸ್ ಕಳಿಸಿ.

ಖರ್ಚಿನ ಮಾತು ಬಂತಲ್ಲ, ಯೋಜನೆಯ ಬಜೆಟ್‌ನಲ್ಲಿ ಶೇ. 5ರಿಂದ 10ರಷ್ಟು ಮೌಲ್ಯಮಾಪನಕ್ಕೆ ಇಡಿ ಅಂತ ಈ ಕ್ಷೇತ್ರದಲ್ಲಿ ಒಂದು ಲೆಕ್ಕ ಇದೆ. ಎಷ್ಟು ಇಡುತ್ತೀರಿ ಅನ್ನುವುದಕ್ಕಿಂತ ಯಾವಾಗ ಇಡುತ್ತೀರಿ ಅನ್ನುವುದು ಮುಖ್ಯ. ಕೊನೆಯ ತಿಂಗಳಲ್ಲಿ ಕರೆದರೆ ಬೇಸ್‌ಲೈನ್ ಇರುವುದಿಲ್ಲ. ಶುರುವಿನಲ್ಲಿ ಜನ ಎಲ್ಲಿದ್ದರು ಅಂತ ಯಾರೂ ಬರೆದಿಟ್ಟಿರುವುದಿಲ್ಲ. ಆಗ "ಮೂರು ವರ್ಷದ ಹಿಂದೆ ನಿಮ್ಮ ಆದಾಯ ಎಷ್ಟಿತ್ತು?" ಅಂತ ಕೇಳುತ್ತಾ ಕೂರಬೇಕು. ನನಗೇ ನೆನಪಿರುವುದಿಲ್ಲ ನನ್ನದು.

ಈಗ ಸ್ವಲ್ಪ ಮುಜುಗರದ ವಿಷಯ. ದುಡ್ಡು ಕೊಡುವವರು ಯಾರೋ, ಅವರಿಗೆ ಬೇಸರ ಆಗದ ಹಾಗೆ ಬರೆಯುವ ಒತ್ತಡ ಇದ್ದೇ ಇರುತ್ತದೆ. ಕರಡು ಕಳಿಸಿದ ಮೇಲೆ ಬದಿಯಲ್ಲಿ ಕಾಮೆಂಟ್ ಬರುತ್ತವೆ. "ವಿಫಲವಾಗಿದೆ" ಅನ್ನುವ ಕಡೆ "ಇನ್ನೂ ಅವಕಾಶಗಳಿವೆ ಅನ್ನಬಹುದಾ?" ಅಂತ ಒಂದು. ಅರ್ಧಕ್ಕೆ ಬಿಟ್ಟು ಹೋದವರ ಸಂಖ್ಯೆಯ ಪಕ್ಕ "ಇದು ಅನುಬಂಧಕ್ಕೆ ಹೋದರೆ ಚೆನ್ನ" ಅಂತ ಇನ್ನೊಂದು. ಅನುಬಂಧ ಅಂದರೆ ಯಾರೂ ಓದದ ಜಾಗ ಅಂತ ಇಬ್ಬರಿಗೂ ಗೊತ್ತು. ಅದಕ್ಕೇ ನಾನು ಒಪ್ಪಂದದಲ್ಲೇ ಬರೆಸಿಕೊಳ್ಳುತ್ತೇನೆ. ಅಂಕಿಅಂಶ ತಪ್ಪಿದ್ದರೆ ತಿದ್ದುತ್ತೇನೆ, ಅಭಿಪ್ರಾಯ ಒಪ್ಪಿಗೆ ಇಲ್ಲದಿದ್ದರೆ ಸಂಸ್ಥೆಯವರು ತಮ್ಮ ಉತ್ತರ ಬರೆದು ರಿಪೋರ್ಟ್ ಜೊತೆಗೇ ಸೇರಿಸಬಹುದು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳಲ್ಲಿ ಇಂಥ ಲಿಖಿತ ಉತ್ತರ ಕೊಡುವ ಪದ್ಧತಿಯೇ ಇದೆ. ಯೋಜನೆ ರೂಪಿಸಲು ಸಲಹೆ ಕೊಟ್ಟವರನ್ನೇ ಆಮೇಲೆ ಅದರ ಮೌಲ್ಯಮಾಪನಕ್ಕೂ ಕರೆಯುವುದು ಇನ್ನೊಂದು ರೋಗ. ತಮ್ಮ ಸಲಹೆ ಕೆಟ್ಟದಿತ್ತು ಅಂತ ಬರೆದುಕೊಳ್ಳುವಷ್ಟು ದೊಡ್ಡ ಮನಸ್ಸು ಎಷ್ಟು ಜನಕ್ಕಿದೆ? ಸಲಹೆ ಬೇಕಾದರೆ ಸಲಹೆ ಅಂತಲೇ ತೆಗೆದುಕೊಳ್ಳಿ, ಅಳೆಯಲು ಬೇರೆಯವರನ್ನು ಹುಡುಕಿ.

ಫಂಡರ್‌ಗಳಿಗೂ ಒಂದು ಮಾತು. ಕೆಟ್ಟ ಫಲಿತಾಂಶ ತೋರಿಸಿದ ತಕ್ಷಣ ಅನುದಾನ ನಿಲ್ಲಿಸಿದರೆ, ಮುಂದಿನ ವರ್ಷದಿಂದ ಯಾವ ಸಂಸ್ಥೆಯೂ ನಿಮಗೆ ಕೆಟ್ಟ ಸುದ್ದಿ ತಲುಪಿಸುವುದಿಲ್ಲ. ನಿಮ್ಮ ಟೇಬಲ್ ಮೇಲೆ ಬರೀ ಯಶಸ್ಸಿನ ಕಥೆಗಳೇ ಇದ್ದರೆ ಕಾರಣ ನೀವೇ ಇರಬಹುದು.

ಚಿಕ್ಕ ಸಂಸ್ಥೆಯವರು "ನಮ್ಮ ಹತ್ತಿರ ಅಷ್ಟು ದುಡ್ಡಿಲ್ಲ, ಏನು ಮಾಡೋಣ?" ಅಂತ ಕೇಳಿದರೆ, ಹಾಜರಿ ಪುಸ್ತಕ ತೆಗೆಯಿರಿ ಅನ್ನುತ್ತೇನೆ. ಎರಡನೇ ತಿಂಗಳಲ್ಲಿ ಬರುವುದನ್ನು ಬಿಟ್ಟವರ ಹೆಸರು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕಾರ್ಯಕ್ರಮ ನಡೆಸದ ಯಾರಾದರೊಬ್ಬರು ಅವರಿಗೆ ಫೋನ್ ಮಾಡಿ, ಯಾಕೆ ಬಿಟ್ಟಿರಿ ಅಂತ ಕೇಳಿ, ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಲಿ. ಸಮಯ ಹೊಂದಲಿಲ್ಲ, ದೂರ ಆಯಿತು, ಹೇಳಿಕೊಟ್ಟದ್ದು ಮೊದಲೇ ಗೊತ್ತಿತ್ತು, ಏನೋ ಒಂದು ಬರುತ್ತದೆ. ಹತ್ತು ಹದಿನೈದು ಫೋನ್ ಆದಮೇಲೆ ಒಂದೇ ಕಾರಣ ಮತ್ತೆ ಮತ್ತೆ ಕೇಳಿಸಿದರೆ, ಮೊದಲು ಅದನ್ನು ಸರಿ ಮಾಡಿ. ಆಮೇಲೂ ಮೌಲ್ಯಮಾಪನ ಬೇಕು ಅನ್ನಿಸಿದರೆ ಆಗ ಮಾತಾಡೋಣ.