ಸಂಗನಕಲ್ಲು ಗುಡ್ಡಕ್ಕೆ ಹೋಗೋರು ಮೊದ್ಲು ಬಳ್ಳಾರಿ ಮ್ಯೂಸಿಯಂ ನೋಡ್ಕೊಂಡು ಹೋಗಿ

ಹೋದ ಡಿಸೆಂಬರ್‌ನಾಗ ನಾನು, ಅವ್ವ, ಎಂಟನೇ ಕ್ಲಾಸ್ ಓದೋ ಮಗಳು ಮೂರೂ ಮಂದಿ ಕೊಪ್ಪಳದಿಂದ ಬೆಳಿಗ್ಗೆ ಟ್ರೈನ್ ಹತ್ತಿ ಬಳ್ಳಾರಿಗೆ ಹೋಗಿದ್ವಿ. ನಾವು ಮಾಡಿದ ತಪ್ಪು ಮೊದ್ಲೇ ಹೇಳಿಬಿಡ್ತೀನಿ, ಸ್ಟೇಷನ್ ಇಳಿದವ್ರೇ ಆಟೋ ಮಾಡ್ಕೊಂಡು ಸೀದಾ ಶಿಲಾಯುಗದ ಜನ ಬಾಳಿದ ಸಂಗನಕಲ್ಲು ಗುಡ್ಡಕ್ಕೆ ಹೋದ್ವಿ. ಊರಿಂದ 10 ಕಿ.ಮೀ ಒಳಗೇ ಇದೆ, ದೂರ ಏನಿಲ್ಲ. ಆದ್ರೆ ಮೇಲೆ ಹತ್ತಿ ಒಂದು ತಾಸು ತಿರುಗಾಡಿದ್ರೂ ದೊಡ್ಡ ದೊಡ್ಡ ಬಂಡೆ, ಮುಳ್ಳುಕಂಟಿ, ಕಾಲಡಿಗೆ ಚೂಪಾದ ಕಪ್ಪು ಕಲ್ಲಿನ ಚೂರು, ಇಷ್ಟೇ ಕಂಡಿದ್ದು. ಯಾವ್ದೋ ಕ್ವಾರಿಯವರು ಬಿಟ್ಟುಹೋದ ಜಲ್ಲಿ ಇರ್ಬೇಕು ಅಂದ್ಕೊಂಡು ಅದರ ಮೇಲೇ ನಡ್ಕೊಂಡು ಹೋದ್ವಿ.

ಮಧ್ಯಾಹ್ನ ಊಟ ಮುಗಿಸಿ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಮ್ಯೂಸಿಯಂಗೆ ಹೋದಾಗ ಗೊತ್ತಾಯ್ತು, ನಾವು ತುಳ್ಕೊಂಡು ಬಂದಿದ್ದು ಜಲ್ಲಿ ಅಲ್ಲ, ಸಾವಿರಾರು ವರ್ಷದ ಹಿಂದೆ ಇಲ್ಲಿನ ಜನ ಕಲ್ಲಿನ ಕೊಡಲಿ ಕೆತ್ತೋವಾಗ ಹಾರಿ ಬಿದ್ದ ಚಕ್ಕೆಗಳು! ಸಂಗನಕಲ್ಲು ಗುಡ್ಡಗಳಲ್ಲೇ ಒಂದಾದ ಹಿರೇಗುಡ್ಡದಾಗ ಡಾಲರೈಟ್ ಅನ್ನೋ ಗಟ್ಟಿ ಕಪ್ಪು ಕಲ್ಲಿನ ಪಟ್ಟಿ ಒಂದು ಗ್ರಾನೈಟ್ ನಡುವೆ ಹಾದುಹೋಗಿದೆ, ಅದನ್ನ ಒಡೆದು, ಚಕ್ಕೆ ಎಬ್ಬಿಸಿ, ಆಮೇಲೆ ಬಂಡೆ ಮೇಲೆ ನೀರು ಹಾಕಿ ಮಸೆದು ಮಸೆದು ಕೊಡಲಿ ಮಾಡ್ತಿದ್ರು. ಒಂದು ತರ ಕಾರ್ಖಾನೆನೇ ಅದು. ನನಗೆ ನಿಜವಾಗ್ಲೂ ಬೇಜಾರಾಯ್ತು. ಅದಕ್ಕೇ ಹೇಳೋದು, ಮೊದ್ಲು ಮ್ಯೂಸಿಯಂ, ಆಮೇಲೆ ಗುಡ್ಡ. ರಜೆ ಯಾವತ್ತು, ಟೈಮಿಂಗ್ ಏನು ಅಂತ ಹೋಗೋ ಮುಂಚೆ ವಿಚಾರಿಸ್ಕೊಳ್ಳಿ. ನಮ್ಮ ಆಟೋದವರಿಗೆ ಹೆಸರು ಹೇಳಿದ್ರೆ ಗೊತ್ತಾಗ್ಲಿಲ್ಲ, ಮ್ಯಾಪ್ ಹಾಕ್ಕೊಂಡು ಹೋಗೋದು ಒಳ್ಳೇದು.

ಈ ಫೂಟ್ ಯಾರು ಅಂದ್ರೆ ಜಿಯಾಲಾಜಿಕಲ್ ಸರ್ವೇಲಿ ಕೆಲಸಕ್ಕಿದ್ದ ಇಂಗ್ಲಿಷ್ ಮನುಷ್ಯ. 1863ರಲ್ಲಿ ಮದ್ರಾಸ್ ಹತ್ರ ಪಲ್ಲಾವರಂನಲ್ಲಿ ಹಳೇ ಶಿಲಾಯುಗದ ಕೈಕೊಡಲಿ ಗುರುತಿಸಿದವನು, ನಮ್ಮ ಬಳ್ಳಾರಿ ಸೀಮೆಲೂ ಊರೂರು ತಿರುಗಿ ಕಲ್ಲಿನ ಸಾಮಾನು, ಮಡಕೆ ಚೂರು ಕೂಡಿಸಿದ. ಆದ್ರೆ ಅವನ ಸಂಗ್ರಹ 1904ರಲ್ಲಿ ಮದ್ರಾಸ್ ಮ್ಯೂಸಿಯಂ ಸೇರ್ತು. ನಮ್ಮ ಹೊಲದ ಕಲ್ಲು ನೋಡ್ಬೇಕಂದ್ರೆ ನಾವೇ ಮದ್ರಾಸಿಗೆ ಹೋಗ್ಬೇಕು ಅನ್ನೋ ಪರಿಸ್ಥಿತಿ. ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಜಿಲ್ಲಾಡಳಿತ ಸೇರಿ ಬಳ್ಳಾರಿಲೇ ಒಂದು ಮ್ಯೂಸಿಯಂ ಮಾಡಿದ್ದು ನನಗೆ ಭಾಳ ದೊಡ್ಡ ಕೆಲಸ ಅನ್ಸುತ್ತೆ, ಗುಡ್ಡದಲ್ಲಿ ಸಿಕ್ಕಿದ್ದು ಗುಡ್ಡ ಇರೋ ಊರಲ್ಲೇ ಇರ್ಬೇಕಲ್ವಾ.

ಒಳಗೆ ಅವಸರ ಮಾಡ್ಬೇಡಿ, ಎರಡು ತಾಸು ಇಟ್ಕೊಳ್ಳಿ. ಅವ್ವ ಅರೆಯೋ ಕಲ್ಲಿನ ಮುಂದೆ ನಿಂತವಳು ಕದಲ್ಲೇ ಇಲ್ಲ. "ಇದು ನಮ್ಮವ್ವನ ಮನ್ಯಾಗ ಇದ್ದಂಗ ಐತಲ್ಲೋ" ಅಂದ್ಲು. ಸುಮಾರು 4000 ವರ್ಷದ ಹಿಂದೆ ಈ ಗುಡ್ಡದ ಜನ ಹುರುಳಿ, ಹೆಸರುಕಾಳು, ಕೊರಲೆ ತರದ ಸಿರಿಧಾನ್ಯ ತಿಂತಿದ್ರು, ಅಗೆದಾಗ ಸುಟ್ಟು ಕರಕಾದ ಕಾಳು ಸಿಕ್ಕಿವೆ ಅಂತ ನಾನು ಹೇಳಿದ್ದಕ್ಕೆ, "ಮತ್ತ ನಾವೂ ಅದನ್ನ ತಿಂತೀವಿ" ಅಂತ ಅಷ್ಟೇ ಹೇಳಿ ಮುಂದಕ್ಕೆ ಹೋದ್ಲು. ಅದೇ ಕಾಲದ ಬೂದಿ ದಿಬ್ಬಗಳ ವಿಷಯನೂ ತಿಳ್ಕೊಂಡು ಬನ್ನಿ. ಹಂಪಿ ಹತ್ರ ನಿಂಬಾಪುರದ ದಿಬ್ಬನ ರಾಮಾಯಣದ ವಾಲಿಯನ್ನ ಸುಟ್ಟ ಬೂದಿ ಅಂತ ಜನ ಹೇಳ್ತಾರೆ, ಅಗೆದು ನೋಡಿದವ್ರು ಇಂಥ ದಿಬ್ಬಗಳು ದನದ ಸಗಣಿ ರಾಶಿ ಹಾಕಿ ಸುಟ್ಟಿದ್ದರಿಂದ ಆದವು ಅಂತಾರೆ. ಕುಡತಿನಿ ಹತ್ರಾನೂ ಒಂದಿದೆ, ಹೊಸಪೇಟೆ ಕಡೆಯಿಂದ ಕಾರಲ್ಲಿ ಬರೋರಿಗೆ ದಾರೀಲೇ ಸಿಗುತ್ತೆ.

ನಾಲ್ಕು ಗಂಟೆಗೆ ಮತ್ತೆ ಗುಡ್ಡಕ್ಕೆ ಹೋದ್ವಿ. ಅದೇ ಗುಡ್ಡ, ಈ ಸಲ ಬೇರೆನೇ ಕಾಣ್ತು. ಬಂಡೆ ಮೇಲೆ ಕೊಡಲಿ ಮಸೆದ ನುಣುಪು ಗುಳಿಗಳನ್ನ ಮಗಳೇ ಹುಡುಕಿದ್ಲು, ಕೈ ಇಟ್ರೆ ಒಳ್ಳೆ ತಟ್ಟೆ ಒರೆಸಿದಂಗೆ ನಯ. ಕಪ್ಪು ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಡುಬ್ಬದ ಎತ್ತು, ಮನುಷ್ಯರ ಚಿತ್ರಗಳಿವೆ, ಇಳಿಬಿಸಿಲಲ್ಲೇ ಚೆನ್ನಾಗಿ ಕಾಣೋದು, ಮಧ್ಯಾಹ್ನದ ಬಿಸಿಲಿಗೆ ಏನೂ ಕಾಣಲ್ಲ. ಈ ಚಿತ್ರಗಳ ಬಗ್ಗೆ ಫಾಸೆಟ್ ಅನ್ನೋ ಬ್ರಿಟಿಷ್ ಕಾಲದ ಪೊಲೀಸ್ ಅಧಿಕಾರಿ 1892ರಲ್ಲೇ ಬರೆದಿದ್ದ. ಕೆಲವು ಬಂಡೆ ಕಲ್ಲಿಂದ ಬಡಿದ್ರೆ ಗಂಟೆ ತರ ನಾದ ಬರ್ತದೆ, ಹಿಂದಿನವ್ರು ಬಡಿದೂ ಬಡಿದೂ ಆದ ಗುಳಿಗಳೇ ಅಲ್ಲಿವೆ. ಮಗಳಿಗೆ ಬಡಿಬೇಕು ಅಂತ ಆಸೆ, ನಾನು ಬಿಡ್ಲಿಲ್ಲ. ಹೋದವ್ರೆಲ್ಲ ಒಂದೊಂದು ಏಟು ಹಾಕಿದ್ರೆ ಚಿತ್ರ ಉಳಿಯಲ್ಲ, ದಯವಿಟ್ಟು ನೀವೂ ಬಡಿಬೇಡಿ. ಕಲ್ಲುಗಣಿಯಿಂದ ಈ ಗುಡ್ಡಗಳಿಗೆ ಆಗಿರೋ ಪೆಟ್ಟೇ ಸಾಕಷ್ಟಿದೆ, ಒಂದು ಮಗ್ಗಲು ಕೆತ್ತಿ ತೆಗೆದಿರೋದು ನೋಡಿದ್ರೆ ಹೊಟ್ಟೆ ಉರಿತದೆ.

ಊರಿನವರೊಬ್ಬರನ್ನ ಜೊತೆಗೆ ಕರ್ಕೊಳ್ಳಿ, ದಾರಿ ಗುರುತಿಲ್ಲ, ಬೋರ್ಡ್ ನಂಬ್ಕೊಂಡು ಹೋಗ್ಬೇಡಿ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಶೂ. ಮಾರ್ಚ್‌ನಿಂದ ಮೇ ತನಕ ಬೇಡವೇ ಬೇಡ, ಬಳ್ಳಾರಿ ಬಿಸಿಲು 40 ದಾಟುತ್ತೆ. ವಯಸ್ಸಾದವರು ಕೆಳಗೆ ಊರಲ್ಲೇ ಕೂತಿರಲಿ. ಸಂಜೆ ಇಳಿದು ಬಂದ್ಮೇಲೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ದೇ ಬರ್ಬೇಡಿ.

ಇನ್ನೊಂದು, ಒಂದು ಚಕ್ಕೆನೂ ಜೇಬಿಗೆ ಹಾಕ್ಕೋಬೇಡಿ. ಎಲ್ಲಿ ಬಿದ್ದಿತ್ತು, ಅಕ್ಕಪಕ್ಕ ಏನಿತ್ತು ಅನ್ನೋದ್ರಲ್ಲೇ ಅದರ ಕಥೆ ಇರೋದು, ಮನೆ ಶೋಕೇಸ್‌ಗೆ ಬಂದ್ರೆ ಅದು ಬರೀ ಕಲ್ಲು. ವಾಪಸ್ ಬರ್ತಾ ಟ್ರೈನಲ್ಲಿ ಅವ್ವ ಇದ್ದಕ್ಕಿದ್ದಂಗೆ, "ಅಂಥಾ ನುಣ್ಣನ ಕಲ್ಲು ನಮ್ಮೂರ ಬೇವಿನಕಟ್ಟಿ ಮ್ಯಾಲೆ ಮೂರದಾವ, ನಾ ಸಣ್ಣಾಕಿ ಇದ್ದಾಗಿಂದ ಕುಂಕುಮ ಹಚ್ಚೇವಿ" ಅಂದ್ಲು. ಮುಂದಿನ ಭಾನುವಾರನೇ ಹೋಗಿ ನೋಡಿದೆ, ಒಂದಂತೂ ಪಕ್ಕಾ ಕೊಡಲಿ, ಅಂಚು ಇನ್ನೂ ಹಂಗೇ ಇದೆ. ಅಲ್ಲಿಂದ ಎತ್ತಲಿಲ್ಲ, ಪೂಜೆ ಆಗೋ ಕಲ್ಲು. ಪಕ್ಕಕ್ಕೆ ಸ್ಕೇಲ್ ಇಟ್ಟು ಫೋಟೋ ತೆಗೆದೆ, ಯಾವ ಹೊಲದಿಂದ ಬಂತು ಅಂತ ಕಟ್ಟೆ ಮೇಲೆ ಕೂತಿದ್ದ ಹಿರೇರನ್ನ ಕೇಳಿ ಮಗಳ ನೋಟ್‌ಬುಕ್‌ನಲ್ಲಿ ಬರೆಸಿದೀನಿ.