ತಣ್ಣಗಾಗಿದ್ದ ಕಿವಿ

ಮಳೆಗಾಲಕ್ಕೆ ಇನ್ನೂ ಮೂರು ವಾರ ಇರುವಾಗಲೇ ನಮ್ಮ ಪಶುವೈದ್ಯೆಯನ್ನು ಕೊಟ್ಟಿಗೆಗೆ ಕರೆಸುವುದು ನಾವು ಪಾಲಿಸಿಕೊಂಡು ಬಂದ ಕ್ರಮ. ಮಳೆಗಾಲದಲ್ಲಿ ದನಗಳಿಗೆ ತಗಲುವ ಗಳಲೆ ರೋಗ ಮತ್ತು ಚಪ್ಪೆ ರೋಗದ ಲಸಿಕೆ ಚುಚ್ಚಿದ ದಿನವೇ ರಕ್ಷಣೆ ಕೊಡುವುದಿಲ್ಲ. ಹಸುವಿನ ಮೈ ರೋಗ ತಡೆಯಲು ಸಜ್ಜಾಗುವುದಕ್ಕೆ ಎರಡು ಮೂರು ವಾರ ಬೇಕು. ನೆಲ ಒದ್ದೆಯಾದ ಮೇಲೆ ಓಡಾಡಿ ಫಲವಿಲ್ಲ. ಆ ವರ್ಷವೂ ದಿನ ಗೊತ್ತುಮಾಡಿದ್ದೆವು, ಬೆಳಗ್ಗೆ ಎಂಟಕ್ಕೆ ಬರುತ್ತೇನೆ ಎಂದಿದ್ದರು. ಐದೂವರೆಗೇ ಫೋನ್ ಮಾಡಿ ಅವರನ್ನು ಎಬ್ಬಿಸಬೇಕಾಯಿತು.

ಗೌರಿ ಹಿಂದಿನ ಸಂಜೆ ಈದಿದ್ದಳು. ನಾಲ್ಕನೆಯ ಸೂಲು. ಕಷ್ಟವಿಲ್ಲದೆ ಕರು ಹಾಕಿದಳು, ಕಸವೂ (ಮಾಸು) ಹೊತ್ತಿಗೆ ಸರಿಯಾಗಿ ಬಿತ್ತು. ನಸುಕಿನಲ್ಲಿ ದೀಪ ಹಾಕಿದಾಗ ಅವಳು ಕುಳಿತೇ ಇದ್ದಳು. ಕುತ್ತಿಗೆಯನ್ನು ಒಂದು ಪಕ್ಕಕ್ಕೆ ಮಡಚಿ ಮೂತಿಯನ್ನು ಪಕ್ಕೆಗೆ ಆನಿಸಿಕೊಂಡಿದ್ದಳು. ಎದ್ದೇಳು ಎಂದು ಬೆನ್ನು ತಟ್ಟಿದರೆ ಹಿಂಗಾಲು ಒಮ್ಮೆ ಅದುರಿ ಸುಮ್ಮನಾಯಿತು. ಕಿವಿ ಮುಟ್ಟಿದೆ. ತಣ್ಣೀರಿನಲ್ಲಿ ಅದ್ದಿ ತೆಗೆದ ಬಟ್ಟೆಯ ಹಾಗಿತ್ತು. ಯಾವಾಗಲೂ ಹನಿಗಟ್ಟಿರುತ್ತಿದ್ದ ಮೂತಿ ಒಣಗಿ ಹೋಗಿತ್ತು, ಹಿಂದೆ ಸಗಣಿಯ ಸುಳಿವೂ ಇರಲಿಲ್ಲ.

“ಅಡ್ಡ ಬಿದ್ದಿದ್ದಾಳೆಯೇ, ಎದೆಯ ಮೇಲೆ ಕುಳಿತಿದ್ದಾಳೆಯೇ?” ಫೋನಿನಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಮಾತು ಅದು. ಕುಳಿತಿದ್ದಾಳೆ ಎಂದೆ. “ಹಾಗೇ ಇರಲಿ. ಎರಡೂ ಪಕ್ಕಕ್ಕೆ ಹುಲ್ಲಿನ ಮೂಟೆ ಒತ್ತು ಕೊಡಿ. ಅಡ್ಡ ಬಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಬಾಯಿಗೆ ಏನನ್ನೂ ಹುಯ್ಯಬೇಡಿ, ನುಂಗುವ ಶಕ್ತಿ ಇರುವುದಿಲ್ಲ, ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ.” ಅಮ್ಮ ಅಷ್ಟರಲ್ಲಿ ಒಂದು ಚೊಂಬು ನೀರು ಹಿಡಿದು ಬಂದಿದ್ದರು. ಅದನ್ನು ಕೆಳಗಿಡಿಸಿದೆ.

ಅರ್ಧ ಗಂಟೆಯಲ್ಲಿ ಡಾಕ್ಟರಮ್ಮ ಬಂದರು. ಥರ್ಮಾಮೀಟರ್ 37.2 ಡಿಗ್ರಿ ತೋರಿಸಿತು. ಹಸುವಿಗೆ ಸಹಜವಾದದ್ದು 38.5ರ ಆಸುಪಾಸು. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಬರುವ ಇದಕ್ಕೆ ಹಾಲು ಜ್ವರ ಎಂದು ಹೆಸರು, ಆದರೆ ಮೈ ಕಾಯುವುದಿಲ್ಲ, ತಣ್ಣಗಾಗುತ್ತದೆ. ಹೆಸರನ್ನು ನಂಬಿ ಜ್ವರದ ಮಾತ್ರೆ ಕೊಡುತ್ತಾ ಕುಳಿತರೆ ಹಸು ಕೈತಪ್ಪುತ್ತದೆ. ಅವರು ಕ್ಯಾಲ್ಸಿಯಂ ಬಾಟಲಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಮೈಬಿಸಿಗೆ ತಂದರು. ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಸೇರಿಸಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. “ನಾನು ಇಳಿಸಿ ಎಂದರೆ ಇಳಿಸಿ, ಎತ್ತಿ ಎಂದರೆ ಎತ್ತಿ” ಎಂದು ಹೇಳಿ ಮೊಣಕಾಲೂರಿ, ಸ್ಟೆತೊಸ್ಕೋಪನ್ನು ಗೌರಿಯ ಎಡ ಮೊಣಕೈಯ ಹಿಂದೆ ಇಟ್ಟು ಕಣ್ಣು ಮುಚ್ಚಿದರು. ರಭಸವಾಗಿ ಹೋದರೆ ಅದೇ ಕ್ಯಾಲ್ಸಿಯಂ ಹೃದಯವನ್ನು ನಿಲ್ಲಿಸುತ್ತದೆ. ಬಾಟಲಿಯೊಳಗೆ ಒಂದೊಂದಾಗಿ ಏಳುತ್ತಿದ್ದ ಗುಳ್ಳೆಗಳನ್ನೇ ನೋಡುತ್ತಾ ನಿಂತೆ. ಎರಡು ಸಲ ಇಳಿಸಿ ಎಂದರು. ಹದಿನೈದು ನಿಮಿಷಕ್ಕಿಂತ ಹೆಚ್ಚೇ ಹಿಡಿದಿರಬೇಕು.

ಆ ಹೊತ್ತಿನಲ್ಲೇ ಅವರ ಕಣ್ಣು ಗೂಡಿನಲ್ಲಿದ್ದ ಕ್ಯಾಲ್ಸಿಯಂ ಡಬ್ಬಿಯ ಮೇಲೆ ಬಿದ್ದದ್ದು. “ಯಾವಾಗಿನಿಂದ ಕುಡಿಸುತ್ತಿದ್ದೀರಿ?” ಹಾಲು ಬತ್ತಿಸಿದಾಗಿನಿಂದ, ದಿನಕ್ಕೆ ನೂರು ಮಿಲಿ ಎಂದೆ. ಎರಡು ತಿಂಗಳು ಒಂದು ದಿನವೂ ತಪ್ಪಿಸಿರಲಿಲ್ಲ.

ಅವರು ಗದರಲಿಲ್ಲ. ಬಿಡಿಸಿ ಹೇಳಿದರು. ಹತ್ತು ಲೀಟರ್ ಗಿಣ್ಣುಹಾಲಿನಲ್ಲಿ ಸುಮಾರು 23 ಗ್ರಾಂ ಕ್ಯಾಲ್ಸಿಯಂ ಹೊರಗೆ ಹೋಗುತ್ತದೆ. ಹಸುವಿನ ರಕ್ತದಲ್ಲಿ ಒಂದು ಹೊತ್ತಿಗೆ ಇರುವುದು ಮೂರು ಗ್ರಾಮಿನಷ್ಟೇ. ಉಳಿದದ್ದನ್ನು ಮೂಳೆಯಿಂದ, ಕರುಳಿನಿಂದ ಮೈ ತಾನೇ ಎಳೆದು ತರಬೇಕು. ಗಬ್ಬದ ಕೊನೆಯ ವಾರಗಳಲ್ಲಿ ನಾವು ಧಾರಾಳವಾಗಿ ಹುಯ್ಯುತ್ತಾ ಹೋದರೆ ಆ ಎಳೆದು ತರುವ ವ್ಯವಸ್ಥೆ ಮಲಗಿಬಿಡುತ್ತದೆ. ಈದ ದಿನ ಬೇಡಿಕೆ ಒಮ್ಮೆಗೇ ಏರಿದಾಗ ಅದು ಏಳುವಷ್ಟರಲ್ಲಿ ಹಸುವೇ ಬಿದ್ದಿರುತ್ತದೆ. ಸೂಲು ಹೆಚ್ಚಾದ ಹಸುವಿನಲ್ಲಿ ಅದು ಇನ್ನೂ ನಿಧಾನ. ಸಾಲದ್ದಕ್ಕೆ ರಾತ್ರಿ ನಾನು ಕೆಚ್ಚಲು ಪೂರ್ತಿ ಬರಿದಾಗುವಂತೆ ಕರೆದಿದ್ದೆ. ಮೊದಲ ದಿನ ಕರುವಿಗೆ ಬೇಕಾದಷ್ಟು ಕರೆದು ಉಳಿದದ್ದನ್ನು ಬಿಡಬೇಕಿತ್ತು. ಅವಳಿಗೆ ಒಳ್ಳೆಯದಾಗಲೆಂದು ಮಾಡಿದ್ದೇ ಅವಳನ್ನು ಮಲಗಿಸಿತ್ತು. ಅದನ್ನು ಕೇಳಿಸಿಕೊಳ್ಳುತ್ತಾ ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ಬಾಟಲಿ ಮುಗಿಯುತ್ತಾ ಬಂದಾಗ ಗೌರಿಯ ತೊಡೆಯ ಚರ್ಮ ಸಣ್ಣಗೆ ನಡುಗಿತು. ಒಂದು ತೇಗು ಬಂತು. ಆಮೇಲೆ ಗಟ್ಟಿಯಾದ ಸಗಣಿ. ಡಾಕ್ಟರಮ್ಮ ಆ ಸಗಣಿ ಕಂಡು ನಕ್ಕದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಇಪ್ಪತ್ತು ನಿಮಿಷದ ಮೇಲೆ ಯಾರೂ ಹೇಳದೆ, ಯಾರೂ ತಟ್ಟದೆ ಅವಳು ಹಿಂಗಾಲು ಊರಿ ಎದ್ದಳು, ತೂರಾಡಿದಳು, ನಿಂತಳು. ನಿಂತವಳೇ ಕರುವಿದ್ದ ಮೂಲೆಗೆ ತಿರುಗಿ ಕೂಗಿದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬಂದ ಕೆಲಸ ಹಾಗೇ ಉಳಿದಿತ್ತು. ಗೌರಿಯನ್ನು ಬಿಟ್ಟು ಉಳಿದವಕ್ಕೆ ಲಸಿಕೆ ಆಯಿತು. ಬಳಲಿದ ಹಸುವಿಗೆ ಬೇಡ, ಸುಧಾರಿಸಿದ ಮೇಲೆ ಬಂದು ಹಾಕುತ್ತೇನೆ ಎಂದರು. ತಗ್ಗಿನ ಹುಲ್ಲುಗಾವಲಿನಲ್ಲಿ ಮೇಯುವವುಗಳ ಸಗಣಿಯನ್ನು ಡಬ್ಬಿಗಳಲ್ಲಿ ತುಂಬಿಸಿಕೊಂಡರು. ಜೌಗಿನಲ್ಲಿ ಬಸವನಹುಳು ಇದ್ದರೆ ಯಕೃತ್ತಿಗೆ ಹುಳು ಸೇರುತ್ತದೆ, ಯಾವ ಹುಳು ಎಂದು ತಿಳಿದ ಮೇಲೆಯೇ ಔಷಧ.

ನಾಲ್ಕು ಗುಳಿಯ ತಟ್ಟೆಯಲ್ಲಿ ಒಂದೊಂದು ಮೊಲೆಯ ಹಾಲನ್ನೂ ಕರೆದು ದ್ರಾವಣ ಬೆರೆಸಿ ಆಡಿಸಿದರು. ಬೆಳ್ಳಿ ಎಂಬ ಹಸುವಿನ ಹಿಂದಿನ ಎಡಮೊಲೆಯ ಹಾಲು ಲೋಳೆಯಂತೆ ಗಟ್ಟಿಯಾಗಿ ಗುಳಿಯ ನಡುವೆ ಗುಪ್ಪೆ ಕಟ್ಟಿತು. ಅದೇ ಬೆಳಗ್ಗೆ ಅಮ್ಮ ಕರೆದ ಹಾಲು ನೋಡಲು ಬೆಳ್ಳಗೇ ಇತ್ತು, ಕೆಚ್ಚಲಿನಲ್ಲಿ ಬಾವೂ ಇರಲಿಲ್ಲ. ಕಣ್ಣಿಗೆ ಕಾಣದ ಕೆಚ್ಚಲಿನ ಸೋಂಕು ಕೆಸರು ಶುರುವಾಗುವ ಮುಂಚೆ ಸಿಕ್ಕಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರಮ್ಮ. ಕರೆದ ಮೇಲೆ ಮೊಲೆಯ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಅಲ್ಲಿಯವರೆಗೆ ಮಲಗದಂತೆ ಗೋದಲಿಗೆ ಹುಲ್ಲು ಹಾಕಿ ನಿಲ್ಲಿಸಿಕೊಳ್ಳಿ ಎಂದು ಅಮ್ಮನಿಗೆ ಹೇಳಿಕೊಟ್ಟರು.

ಹೊರಡುವಾಗ ನನ್ನ ಪುಸ್ತಕ ಕೇಳಿ ತೆಗೆದುಕೊಂಡರು. ಗಬ್ಬವಾಗಿದ್ದ ಕೆಂಪಿಯ ಹೆಸರಿನ ಮುಂದೆ, ಈಯುವ ದಿನದಿಂದ ಹಿಂದಕ್ಕೆ ಮೂರು ವಾರ ಎಣಿಸಿ ಒಂದು ಗೆರೆ ಎಳೆದರು. “ಈ ಗೆರೆ ದಾಟಿದ ಮೇಲೆ ಏನು ಕೊಡುವುದಿದ್ದರೂ ನನ್ನನ್ನು ಕೇಳಿ. ಕ್ಯಾಲ್ಸಿಯಂ ಅಂತೂ ಇಂದಿನಿಂದಲೇ ಬೇಡ. ಗೌರಿಯನ್ನು ಇನ್ನೆರಡು ದಿನ ನೋಡಿಕೊಳ್ಳಿ, ಕೆಲವು ಹಸುಗಳು ಮತ್ತೆ ಕುಸಿಯುತ್ತವೆ.”

ಆ ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಹೋದೆ. ಮೂರನೆಯ ಸಲ ಹೋದಾಗ ಅಮ್ಮ ಆಗಲೇ ಅಲ್ಲಿದ್ದರು, ಟಾರ್ಚ್ ಆರಿಸಿ, ಗೌರಿಯ ಕಿವಿಯನ್ನು ಅಂಗೈಯಲ್ಲಿ ಹಿಡಿದುಕೊಂಡು. ಗೌರಿ ಮೆಲುಕು ಹಾಕುತ್ತಿದ್ದಳು. ನಾನು ಇನ್ನೊಂದು ಕಿವಿ ಹಿಡಿದೆ.